ಮೂವತ್ತನಾಲ್ಕರ ಸೊಂಟ

ನಮ್ಮ ಭಾವನಷ್ಟು ಜಂಬದ ಟೈಲರನ್ನು ನಾನು ಕಂಡಿಲ್ಲ. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು ಅವರ ಕೆಲಸ. ಹೊಲಿಗೆ, ಗುಂಡಿ, ಬೈಗುಳ ನನ್ನ ಪಾಲು. ಅವರ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮಿಷನ್ ತುಳಿಯುತ್ತಿದ್ದರೂ ದೊಡ್ಡ ಕತ್ತರಿಯನ್ನು ನನಗೆ ಮುಟ್ಟಲು ಬಿಟ್ಟವರಲ್ಲ. "ನಿನ್ನ ಕೈಗೆ ಕೊಟ್ರೆ ಪ್ಯಾಂಟು ಚೀಲ ಆಗುತ್ತೆ ಕಣೋ" ಅನ್ನುವರು, ಅದೂ ಗಿರಾಕಿಗಳ ಮುಂದೆ.

ಗಿರಾಕಿಗಳಿಗೋ ದಿನವಿಡೀ ಒಂದೇ ಉಪದೇಶ: "ಹೊಟ್ಟೆ ಒಳಗೆ ಎಳ್ಕೋಬೇಡಿ ಸಾರ್. ಉಸಿರು ಬಿಡಿ. ಟೇಪಿಗೆ ಯಾಕೆ ಮೋಸ ಮಾಡ್ತೀರಾ?" ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ತಮ್ಮ ಪ್ಯಾಂಟಿನ ಅಳತೆ ತೆಗೆಯುವಾಗ ಮಾತ್ರ ಕನ್ನಡಿಯ ಮುಂದೆ ನಿಂತು, ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿ, "ಮೂವತ್ತನಾಲ್ಕು" ಎಂದು ಬರೆದುಕೊಳ್ಳುವರು. ಮದುವೆಯಾದಾಗಲೂ ಮೂವತ್ತನಾಲ್ಕು, ಐವತ್ತೆಂಟು ತುಂಬಿದಾಗಲೂ ಮೂವತ್ತನಾಲ್ಕು. ಹೊಟ್ಟೆ ಮಾತ್ರ ಉಕ್ಕಿದ ಹಾಲಿನಂತೆ ಸೊಂಟಪಟ್ಟಿಯ ಮೇಲೆ ಬಂದು ನಿಂತಿರುತ್ತಿತ್ತು.

ಈ ವರ್ಷ ಎದೆಯುರಿ ಶುರುವಾಯಿತು. ಕಟಿಂಗ್ ಮೇಜಿನ ಮೇಲೆ ಬಗ್ಗಿದರೆ ಸಾಕು, ಹುಳಿನೀರು ಗಂಟಲಿಗೆ ನುಗ್ಗುತ್ತಿತ್ತು. ಬಗ್ಗದೆ ಬಟ್ಟೆ ಕತ್ತರಿಸುವ ವಿದ್ಯೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಒಂದು ಕೋಟಿನ ಬಟ್ಟೆಯನ್ನು ಅರ್ಧಕ್ಕೆ ಬಿಟ್ಟು ಕೆಮ್ಮುತ್ತಾ ಕೂತಾಗ ಅವರ ಕಣ್ಣು ನನ್ನ ಮೇಲೆ ಬಿತ್ತು. ಕತ್ತರಿ ನನ್ನ ಪಾಲಾದೀತೆಂಬ ಭಯ ಅದು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಡಾಕ್ಟರಮ್ಮ ಮಾತ್ರೆಯ ಜೊತೆಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರು. ಊಟಕ್ಕೆ ಮೊದಲು ನೆಟ್ಟಗೆ ಕೂತು ನಿಧಾನವಾಗಿ ಉಸಿರೆಳೆಯಬೇಕು. ಎದೆಯಲ್ಲ, ಹೊಟ್ಟೆ ಉಬ್ಬಬೇಕು. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು ಗಟ್ಟಿಯಾದರೆ ಹುಳಿ ಮೇಲೇರುವುದು ಕಡಿಮೆಯಾಗುತ್ತದಂತೆ.

ಭಾವ ಶ್ರದ್ಧೆಯಿಂದಲೇ ಮಾಡಿದರು. ಕಣ್ಣು ಮುಚ್ಚಿ, ಕೈ ಹೊಟ್ಟೆಯ ಮೇಲಿಟ್ಟು, ಅದೇ ಪ್ಯಾಂಟು ತೊಟ್ಟು! ಸೊಂಟಪಟ್ಟಿ ಬಿಡಬೇಕಲ್ಲ? ಹೊಟ್ಟೆ ಉಬ್ಬುವ ಬದಲು ಹೆಗಲು ಕಿವಿ ಮುಟ್ಟುತ್ತಿತ್ತು. ಮೂರು ವಾರ ಹೀಗೆ ಹೆಗಲು ಕುಣಿಸಿ, "ಉಸಿರಾಟ ಗಿಸಿರಾಟ ಎಲ್ಲಾ ಬೊಗಳೆ" ಅಂದುಬಿಟ್ಟರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಹುಕ್ ಬಿಚ್ಚಿ ಮಾಡಿ ಭಾವ," ಅಂದೆ.

"ಯಾಕೆ ಬಿಚ್ಲಿ? ಸರಿಯಾಗೇ ಇದೆ. ಮೂವತ್ತನಾಲ್ಕು."

ಊಟದ ಡಬ್ಬಿ ತಂದಿದ್ದ ಅಕ್ಕ ಅದನ್ನು ಮೇಜಿನ ಮೇಲೆ ಕುಕ್ಕಿದಳು. "ವಾರಕ್ಕೊಂದು ಹುಕ್ ಕಿತ್ತು ಬರುತ್ತೆ, ಹಾಕೋಳು ನಾನು. ತಮ್ಮಾ, ಬಾಗಿಲು ಹಾಕಿ ಇವರ ಅಳತೆ ತಗೋ."

ಟೇಪು ಸುತ್ತಿದೆ. ಭಾವ ಗಬಕ್ಕನೆ ಹೊಟ್ಟೆ ಒಳಗೆಳೆದುಕೊಂಡರು.

"ಉಸಿರು ಬಿಡಿ ಭಾವ. ಟೇಪಿಗೆ ಯಾಕೆ ಮೋಸ ಮಾಡ್ತೀರಾ?"

ಈ ಒಂದು ಮಾತಿಗಾಗಿ ಇಪ್ಪತ್ತೆರಡು ವರ್ಷ ಕಾದಿದ್ದೆ. ಅವರ ಮುಖ ಕೆಂಪಾಯಿತು. ತಡೆಯುವಷ್ಟು ತಡೆದು, ಕೊನೆಗೆ ಉಸ್ಸೆಂದು ಬಿಟ್ಟರು. ನಲವತ್ತೊಂದು.

ಭಾವ ಕಪಾಟಿನಿಂದ ಒಂದು ಬಟ್ಟೆ ತೆಗೆದು ಮೇಜಿನ ಮೇಲೆ ಹರಡಿದರು. ಚಾಕ್ ಹಿಡಿದು ಗೆರೆ ಎಳೆದರು. ಎಳೆದದ್ದನ್ನು ತಾವೇ ಅಳೆದು ನೋಡಿದರು. ಗೆರೆ ಮೂವತ್ತನಾಲ್ಕಕ್ಕೇ ಬಿದ್ದಿತ್ತು.

ದೊಡ್ಡ ಕತ್ತರಿಯನ್ನು ನನ್ನ ಕಡೆ ಸರಿಸಿದರು. "ನೀನೇ ಕತ್ತರ್ಸು. ನನ್ನ ಕೈ ನನ್ನ ಮಾತು ಕೇಳಲ್ಲ. ಚೀಲ ಆದ್ರೂ ಆಗ್ಲಿ."

ನಗಬೇಕೆಂದಿದ್ದೆ, ನಗು ಬರಲಿಲ್ಲ. ಅವರ ಗೆರೆ ಅಳಿಸಿ ನಲವತ್ತೊಂದಕ್ಕೆ ಗುರುತು ಹಾಕಿದೆ. ಉಸಿರಿಗಿರಲಿ ಅಂತ ಇನ್ನೊಂದಿಂಚು ಬಿಟ್ಟೆ.