ಮಿಂಟ್ ನನ್ನದು, ಫೆಡೋರಾ ಅವಳದು

ಆ ಭಾನುವಾರ ಬೆಳಿಗ್ಗೆ ಮಾವನ ಕೋಣೆಯಲ್ಲಿ ನಾವು ಆರು ಜನ ಇದ್ದೆವು. ಮಾವ ಬೆತ್ತದ ಕುರ್ಚಿಯಲ್ಲಿ, ನನ್ನ ಯಜಮಾನರೂ ಮೈದುನನೂ ಬೀರುವಿಗೆ ಒರಗಿಕೊಂಡು, ನನ್ನ ಮಗಳು ಮಂಚದ ಮೇಲೆ ಫೋನು ಹಿಡಿದುಕೊಂಡು, ನಾನೂ ನನ್ನ ವಾರಗಿತ್ತಿಯೂ ಮೇಜಿನ ಆ ಕಡೆ ಈ ಕಡೆ. ಮೇಜಿನ ಮೇಲೆ ಹನ್ನೊಂದು ವರ್ಷ ದುಡಿದ ಕಂಪ್ಯೂಟರು. ಅದರಲ್ಲಿದ್ದ ವಿಂಡೋಸಿಗೆ ಇನ್ನು ಅಪ್‌ಡೇಟ್ ಬರುವುದಿಲ್ಲ, ಹೊಸದು ಈ ಯಂತ್ರದಲ್ಲಿ ನಡೆಯುವುದಿಲ್ಲ ಅಂತ ತೆರೆಯ ಮೇಲೆ ಬಂದದ್ದನ್ನು ಮಾವ ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ಹಾಗಾದರೆ ಇದನ್ನ ಗುಜರಿಗೆ ಹಾಕಬೇಕಾ?"

"ಬೇಡ ಮಾವ, ಲಿನಕ್ಸ್ ಹಾಕೋಣ" ಅಂದೆ ನಾನು.

"ಲಿನಕ್ಸ್ ಹಾಕುವ, ಮಾವ" ಅಂದಳು ವಾರಗಿತ್ತಿ, ಅದೇ ಉಸಿರಿನಲ್ಲಿ.

ಅಲ್ಲಿಯವರೆಗೆ ನಮ್ಮಿಬ್ಬರದೂ ಒಂದೇ ಮಾತು. ಆದರೆ ವಿಂಡೋಸಿನ ಜಾಗದಲ್ಲಿ ಪುಕ್ಕಟೆ ಹಾಕಿಕೊಳ್ಳಬಹುದಾದ ಈ ಲಿನಕ್ಸ್ ಒಂದೇ ರೂಪದಲ್ಲಿ ಸಿಗುವುದಿಲ್ಲ. ಅಂಗಡಿಯಲ್ಲಿ ಕಾಫಿಪುಡಿ ಇದ್ದ ಹಾಗೆ, ಹತ್ತಾರು ಬಗೆ. ನಾನು ಹೇಳಿದ್ದು ಮಿಂಟ್. ನಮ್ಮ ಸ್ಕೂಲಿನ ಲ್ಯಾಬಿನಲ್ಲಿ ಮಕ್ಕಳಿಗೆ ನಾನು ಕಲಿಸುವುದು ಅದರಲ್ಲೇ. ಅವಳು ಹೇಳಿದ್ದು ಫೆಡೋರಾ. ಅವಳು ಮನೆಯಲ್ಲೇ ಕೂತು ಅನುವಾದದ ಕೆಲಸ ಮಾಡುವುದು ಅದರಲ್ಲಿ. ಹತ್ತು ನಿಮಿಷ ನಾವು ಆಡಿದ್ದು ಕಂಪ್ಯೂಟರಿನ ಮಾತೇ, ಆದರೆ ದನಿ ಮಾತ್ರ ನಲ್ಲಿ ನೀರಿನ ಜಗಳದ್ದು.

ಮದ್ರಾಸಿನಲ್ಲೇ ಬೆಳೆದ ನನ್ನ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ರೆಂಡು ಪೇರುಮ್ ಸಂಡೆ ಪೋಡಾದೀಂಗ. ತಾತಾವೇ ಪಾತ್ತು ಸೊಲ್ಲಟ್ಟುಮ್" ಅಂದಳು. ಇಬ್ಬರೂ ಜಗಳ ಆಡಬೇಡಿ, ತಾತನೇ ನೋಡಿ ಹೇಳಲಿ ಅಂತ.

"ಸರಿ" ಅಂದರು ಮಾವ. "ಹೆಣ್ಣು ನೋಡೋ ಹಾಗೆ ನೋಡ್ತೀನಿ. ಒಂದು ವಾರ ಅದು, ಒಂದು ವಾರ ಇದು."

"ಅಪ್ಪಾ, ಎರಡನ್ನೂ ಒಪ್ಪಿಬಿಟ್ಟೀರಾ" ಅಂದ ಮೈದುನ. ಎಲ್ಲರೂ ನಕ್ಕರು. ನಾನೂ ನಕ್ಕೆ, ಬಾಯಿಂದ.

ನನ್ನ ಸಂಕಟ ಏನು ಅಂತ ಹೇಳಿಬಿಡುತ್ತೇನೆ. ಈ ತ್ರಿಪ್ಲಿಕೇನ್ ಮನೆಗೆ ನಾನು ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷ. ರಿಮೋಟ್ ಕೆಟ್ಟರೆ, ಫೋನಿನಲ್ಲಿ ಅಕ್ಷರ ಮಾಯವಾದರೆ, ಮಾವನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಸೊಸೇನ ಕರೀರಿ." ನಾಲ್ಕು ವರ್ಷದ ಹಿಂದೆ ಮೈದುನನ ಮದುವೆಯಾಗಿ ಇವಳು ಬಂದಳು. ಉಡುಪಿ ಕಡೆಯವಳು, ಅವಳ ಸೋದರಮಾವನದು ಇಲ್ಲೇ ನಮ್ಮ ಹಿಂದಿನ ಬೀದಿಯಲ್ಲಿ ಊಟದ ಮೆಸ್. ಕನ್ನಡ ಮೀಡಿಯಂನಲ್ಲಿ ಓದಿದವಳು. ನಾನೋ ಮದ್ರಾಸಿನಲ್ಲೇ ಹುಟ್ಟಿ, ತಮಿಳು ಸ್ಕೂಲಿನಲ್ಲಿ ಓದಿ, ಕನ್ನಡವನ್ನು ಅಜ್ಜಿಯರ ಬಾಯಿಂದ ಎತ್ತಿಕೊಂಡವಳು. ಉಯ್ಯಾಲೆ ಮೇಲೆ ಕೂರಿಸಿಕೊಂಡು ಸ್ಲೇಟಿನಲ್ಲಿ ಅಕ್ಷರ ತಿದ್ದಿಸಿದ್ದು ನನ್ನ ದೊಡ್ಡಜ್ಜಿ. ಮಾತಾಡು ಅಂದರೆ ಗಂಟೆಗಟ್ಟಲೆ ಆಡುತ್ತೇನೆ. ಗಟ್ಟಿಯಾಗಿ ಓದು ಅಂದರೆ ಒತ್ತಕ್ಷರದ ಹತ್ತಿರ ಎಡವುತ್ತೇನೆ. ಮಾವನಿಗೆ ಕಣ್ಣು ಮಂಜಾದ ಮೇಲೆ ಬೆಳಿಗ್ಗೆ ಕನ್ನಡ ಪೇಪರ್ ಓದಿ ಹೇಳುತ್ತಿದ್ದವಳು ನಾನು. ಇವಳು ಬಂದ ಮೂರನೇ ತಿಂಗಳಿಗೆ, "ಪೇಪರ್ ಓದೋಕೆ ಚಿಕ್ಕವಳನ್ನ ಕರೀರಿ" ಅಂತಾಯಿತು. ನನಗೆ ಉಳಿದದ್ದು ಆ ಕಂಪ್ಯೂಟರು. ಈಗ ಅದಕ್ಕೂ ಇವಳು ಕುರ್ಚಿ ಎಳೆದುಕೊಂಡು ಬಂದು ಕೂತಳಲ್ಲ!

ನಮ್ಮಲ್ಲಿ ಅಡಿಗೆಮನೆ ಸರದಿಯ ಮೇಲೆ ನಡೆಯುತ್ತದೆ, ಒಂದು ವಾರ ನಾನು, ಒಂದು ವಾರ ಅವಳು. ಸ್ಕೂಲಿಗೆ ರಜೆ ಬೇರೆ ಇತ್ತು. ಅಡಿಗೆಯಿಲ್ಲದವಳು ಮಾವನ ಪಕ್ಕ ಕೂತು ತನ್ನ ಲಿನಕ್ಸ್ ತೋರಿಸುವುದು ಅಂತ ತೀರ್ಮಾನವಾಯಿತು. ಮೊದಲ ವಾರ ನನ್ನ ಮಿಂಟು. ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು, ಯಂತ್ರದಲ್ಲಿ ಇರುವುದು ಏನೂ ಅಲುಗುವುದಿಲ್ಲ. ಒಂದೇ ಎಚ್ಚರಿಕೆ: ಹೀಗೆ ನಡೆಸುವಾಗ ಆಫ್ ಮಾಡಿದರೆ ಅವತ್ತು ಬರೆದದ್ದೂ ಅಳಿಸಿಹೋಗುತ್ತದೆ. ಅದಕ್ಕೆ ಇನ್ನೊಂದು ಕೆಂಪು ಪೆನ್‌ಡ್ರೈವ್ ಸಿಕ್ಕಿಸಿ, ಬರೆದದ್ದನ್ನು ಅದರೊಳಗೆ ಸೇವ್ ಮಾಡಿಸುತ್ತಿದ್ದೆ.

ಮಾವ ಬರೆಯುತ್ತಿದ್ದದ್ದು ತಮ್ಮ ಕೋಡಂಬಾಕ್ಕಂ ದಿನಗಳ ಕಥೆ. ಕನ್ನಡ ಸಿನಿಮಾಗಳೂ ಅಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಒಂದು ಸ್ಟುಡಿಯೋದ ಸೌಂಡ್ ವಿಭಾಗದಲ್ಲಿದ್ದವರು. ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ, ಆ ವಾರ ಎರಡು ಪುಟ ಬರೆದರು. ಶನಿವಾರ ಕೇಳಿದೆ, "ಹೇಗಿದೆ ಮಾವ, ಮಿಂಟು?"

"ಚೆನ್ನಾಗಿದೆಯಮ್ಮ."

ಉಪ್ಪು ಹಾಕಲು ಮರೆತ ಹುಳಿಗೂ ಅವರು ಚೆನ್ನಾಗಿದೆಯಮ್ಮ ಅನ್ನುವವರೇ.

ಮುಂದಿನ ಸೋಮವಾರ ಫೆಡೋರಾ ಬಂತು, ಅದೂ ಪೆನ್‌ಡ್ರೈವಿನಿಂದಲೇ; ನಾನು ಒಲೆಯ ಮುಂದೆ ಹೋದೆ. ಕಾಯಿ ತುರಿಯುತ್ತಿದ್ದವಳ ಕಿವಿ ಪೂರ್ತಿ ಆ ಕೋಣೆಯಲ್ಲಿ.

"ಅಬ್ಬಾ, ಎಷ್ಟು ಖಾಲಿ ಇದೆಯಮ್ಮ! ಕಣ್ಣಿಗೆ ಏನೂ ಅಡ್ಡ ಬರಲ್ಲ. ಅಕ್ಷರ ಎಷ್ಟು ದಪ್ಪಗೆ ಕಾಣುತ್ತೆ!"

ಕಾಯಿತುರಿ ಕೈಯಲ್ಲಿ ಹಿಡಿದೇ ಬಾಗಿಲಿಗೆ ಹೋದೆ. "ಮಿಂಟಲ್ಲೂ ದಪ್ಪ ಮಾಡಬಹುದಿತ್ತು ಮಾವ. ನೀವು ಕೇಳಲಿಲ್ಲ."

"ಇವಳನ್ನೂ ನಾನು ಕೇಳಲಿಲ್ಲವಲ್ಲಮ್ಮ" ಅಂದರು ಮಾವ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ.

ಅವರು ತೆರೆಗೆ ಮೂಗು ತಾಗಿಸಿ ಕೂರುವುದನ್ನು ಅವಳು ನೋಡಿದ್ದಳು. ಒಂದು ವಾರ ಪಕ್ಕದಲ್ಲೇ ಕೂತಿದ್ದ ನಾನು ನೋಡಿರಲಿಲ್ಲ. ಅವತ್ತು ಸಾರಿಗೆ ಎರಡು ಸಲ ಇಂಗು ಬಿತ್ತು.

ಗುರುವಾರ ಅವಳ ಅಮ್ಮ ಊರಿಂದ ಬರುವವರಿದ್ದರು. ಎಗ್ಮೋರ್ ಸ್ಟೇಷನ್ನಿಗೆ ಹೋಗಿ ಕರೆತರಬೇಕು. ಕೆಂಪು ಪೆನ್‌ಡ್ರೈವನ್ನು ಬೆಳಿಗ್ಗೆ ತನ್ನ ಅನುವಾದದ ಫೈಲು ಹಾಕಿಕೊಳ್ಳಲು ತೆಗೆದುಕೊಂಡಿದ್ದಳು, ಹೊರಡುವ ಗಡಿಬಿಡಿಯಲ್ಲಿ ವಾಪಸ್ ಸಿಕ್ಕಿಸಲಿಲ್ಲ. "ಮಾವ, ನೀವು ಬರೀತಾ ಇರಿ, ಮಧ್ಯ ಮಧ್ಯ ಸೇವ್ ಒತ್ತಿ, ಆಯ್ತಾ? ಹನ್ನೆರಡಕ್ಕೆಲ್ಲ ಬರ್ತೇನೆ" ಅಂತ ಆಟೋ ಹತ್ತಿದಳು.

ಹತ್ತೂವರೆಗೆ ನಾನು ಕಾಫಿ ತೆಗೆದುಕೊಂಡು ಹೋದೆ. ಗೂಡಿನಲ್ಲಿ, ಪಂಚಾಂಗದ ಪಕ್ಕ, ಕೆಂಪು ಪೆನ್‌ಡ್ರೈವ್ ಬಿದ್ದಿತ್ತು. ಅದನ್ನು ಸಿಕ್ಕಿಸದೆ ಎಷ್ಟು ಸಲ ಸೇವ್ ಒತ್ತಿದರೂ ಏನೂ ಉಳಿಯುವುದಿಲ್ಲ. ತೆರೆಯ ಮೇಲೆ ಅರ್ಧ ಪುಟ ತುಂಬಿತ್ತು. ಲೋಟ ಇಡುವ ನೆಪದಲ್ಲಿ ಓದಿದೆ. ತೀರಿಹೋದ ನಮ್ಮತ್ತೆಯ ವಿಷಯ. ಮದುವೆಯಾದ ಹೊಸದರಲ್ಲಿ ಅತ್ತೆ ಕ್ಯಾರಿಯರ್ ಹಿಡಿದು ಬಸ್ಸಿನಲ್ಲಿ ಸ್ಟುಡಿಯೋ ಗೇಟಿಗೆ ಹೋದರಂತೆ. ಚಾನ್ಸ್ ಕೇಳಲು ಬಂದ ಹುಡುಗಿ ಅಂದುಕೊಂಡು ಗೇಟಿನವನು ಒಳಗೆ ಬಿಡಲಿಲ್ಲವಂತೆ. ಅತ್ತೆ ಎದುರಿನ ಕಟ್ಟೆ ಮೇಲೆ ಕೂತು ಡಬ್ಬಿ ಬಿಚ್ಚಿ, ಎಲ್ಲ ತಾವೇ ಊಟ ಮಾಡಿ, ಮನೆಗೆ ಬಂದುಬಿಟ್ಟರಂತೆ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಈ ಮಾತು ಮಾವನ ಬಾಯಲ್ಲಿ ಕೇಳಿರಲಿಲ್ಲ. ಇದೂ ಫೆಡೋರಾದಲ್ಲೇ ಬರಬೇಕಿತ್ತಾ?

"ಮಾವ, ಇದು..." ಅಂದೆ.

"ಚಿಕ್ಕವಳು ಎಲ್ಲಾ ಹೇಳಿಕೊಟ್ಟಿದ್ದಾಳೆ. ನೀನು ಹೋಗಮ್ಮ, ಒಲೆ ಮೇಲೆ ಏನಿದೆ ನೋಡು."

ನಾನು ಹೋದೆ. ಸೀಮೆಬದನೆ ಹೆಚ್ಚುತ್ತಾ ನನಗೆ ನಾನೇ ಹೇಳಿಕೊಂಡೆ: ಹನ್ನೆರಡಕ್ಕೆ ಬರುತ್ತಾಳಲ್ಲ, ಅವಳ ಫೆಡೋರಾದ ಸೊಗಸು ಅವಳೇ ನೋಡಿಕೊಳ್ಳಲಿ. ಹನ್ನೆರಡಾಯಿತು. ರೈಲು ತಡ ಅಂತ ಫೋನು ಬಂತು. ಆ ಫೋನಿನಲ್ಲಾದರೂ ನಾನು ಹೇಳಬಹುದಿತ್ತು. ಒಂದು ಗಂಟೆಗೆ ಮಾವ ಊಟಕ್ಕೆ ಏಳುವ ಹೊತ್ತು. ಕೋಣೆ ಬಿಡುವಾಗ ಫ್ಯಾನು, ಲೈಟು, ಕಂಪ್ಯೂಟರು ಎಲ್ಲದರ ಸ್ವಿಚ್ಚನ್ನೂ ಗೋಡೆಯಲ್ಲೇ ಆರಿಸಿ ಬರುವ ಮನುಷ್ಯ ಅವರು. ಟಕ್, ಟಕ್, ಟಕ್ ಅಂತ ಕೇಳಿಸಿತು. ನಾನು ಎಲೆ ಹಾಕುತ್ತಿದ್ದೆ.

ಎರಡು ಗಂಟೆಗೆ ಅವಳು ಅಮ್ಮನ ಜೊತೆ ಒಳಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿಲ್ಲ, ಮಾವ ಕರೆದರು. "ಬಾಮ್ಮ, ಬೇಗ ಬಾ. ಇವತ್ತು ನಿಮ್ಮತ್ತೆ ವಿಷಯ ಬರೆದಿದ್ದೀನಿ. ಓದಿ ಹೇಳು."

ಆನ್ ಮಾಡಿದಳು. ಹುಡುಕಿದಳು. ಗೂಡಿನ ಕಡೆ ನೋಡಿದಳು.

"ಮಾವ, ಹೋಯ್ತು. ನನ್ನದೇ ತಪ್ಪು. ಆ ಪೆನ್‌ಡ್ರೈವ್ ನಾನು..." ಅಂದವಳು ತನ್ನ ಅಮ್ಮನ ಎದುರೇ ಅತ್ತುಬಿಟ್ಟಳು.

"ಹೋಗಲಿ ಬಿಡಮ್ಮ" ಅಂದರು ಮಾವ. ಆದರೆ ಅವರ ಆ ಒಂದು ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತಿತ್ತು, ಯಾವ ಅಕ್ಷರವನ್ನೂ ಮುಟ್ಟದೆ.

ನನಗೆ ಬೇಕಾದದ್ದು ಆಗಿತ್ತು. ಅವಳ ಫೆಡೋರಾ ಸೋತಿತ್ತು. ಆ ಬೆರಳು ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ.

"ಅವಳದ್ದಲ್ಲ ಮಾವ. ಕಾಫಿ ತಂದಾಗಲೇ ನಾನು ನೋಡಿದ್ದೆ. ಹೇಳಲಿಲ್ಲ."

"ಯಾಕಮ್ಮ?"

"ಹೊಟ್ಟೆಕಿಚ್ಚು ಮಾವ."

ಅವಳ ಅಮ್ಮ ಪಾಪ, ಕಿಟಕಿಯ ಪರದೆಯನ್ನೇ ನೋಡುತ್ತಾ ನಿಂತರು. ವಾರಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ನನ್ನ ಮೇಲೆ ಎಂತ ಹೊಟ್ಟೆಕಿಚ್ಚು ಅಕ್ಕ? ಫೋನ್ ಹಾಳಾದ್ರೆ ನಿಮ್ಮನ್ನು ಕರೀತಾರೆ. ಡಾಕ್ಟ್ರ ಹತ್ರ ಹೋಗ್ಲಿಕ್ಕೆ ನೀವೇ ಆಗ್ಬೇಕು. ನನಗೆ ಇರೋದು ಒಂದು ಪೇಪರ್. ಅದರ ಮೇಲೂ ನಿಮ್ಮ ಕಣ್ಣಾ?"

ಅವಳ ಕಡೆಯಿಂದ ಈ ಮನೆ ಹಾಗೆ ಕಾಣುತ್ತಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

"ಇಬ್ಬರೂ ಹೋಗಿ ಮೊದಲು ಊಟ ಮಾಡಿ" ಅಂದರು ಮಾವ. "ಬೀಗಿತ್ತಿ ಹಸಿದು ಬಂದಿದ್ದಾರೆ."

ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಉಪ್ಪಿನ ಡಬ್ಬಿ ಬೇಕಾದರೆ ನನ್ನ ಮಗಳ ಮೂಲಕ ಕೇಳಿಸುತ್ತಿದ್ದಳು. ಭಾನುವಾರ ಮಾವ ತೀರ್ಪು ಹೇಳಿದರು. "ಫೆಡೋರಾ ಇರಲಿ. ಅಕ್ಷರ ಕಾಣುತ್ತೆ, ಅಷ್ಟೇ." ಆಮೇಲೆ ನನ್ನ ಮುಖ ನೋಡಿ, "ನಿನ್ನದಕ್ಕೇನೂ ಕೊರತೆ ಇರಲಿಲ್ಲಮ್ಮ" ಅಂದರು. ತಪ್ಪೊಪ್ಪಿಕೊಂಡ ಮೇಲೆ ಕಿಚ್ಚು ಆರುತ್ತದೆ ಅಂದುಕೊಂಡಿದ್ದೆ. ಆರಲಿಲ್ಲ. ಆದರೂ ಬರೆದದ್ದು ಅಲ್ಲೇ ಉಳಿಯುವ ಹಾಗೆ ಅವಳು ಯಂತ್ರದೊಳಕ್ಕೇ ಫೆಡೋರಾ ಕೂರಿಸುವ ಮುಂಚೆ ಮಾವನ ಹಳೆಯ ಫೋಟೋ, ಕಾಗದಪತ್ರ ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಕೊಟ್ಟವಳು ನಾನು. ಒಂದೊಂದನ್ನೂ ತೆರೆದು ನೋಡಿ, "ಬಂದಿದೆ" ಅಂದೆ. "ಸರಿ ಅಕ್ಕ" ಅಂದಳು. ಮಾತು ಮತ್ತೆ ಅಲ್ಲಿಂದ ಶುರುವಾಯಿತು.

ಮಾರನೆಯ ದಿನ ತಿಂಡಿ ಮುಗಿಸಿ ಮಾವ ಕೋಣೆಗೆ ಹೋದರು. "ಹೋದದ್ದನ್ನ ಮತ್ತೆ ಬರೀಬೇಕು, ಇಬ್ಬರೂ ಒಳಗೆ ಬರಬೇಡಿ" ಅಂತ ಬಾಗಿಲು ಮುಂದೆ ಮಾಡಿಕೊಂಡರು. ಅವಳು ಬೀನ್ಸ್ ಹೆಚ್ಚಿದಳು, ನಾನು ಪಕ್ಕದಲ್ಲಿ ಕೂತು ನಾರು ತೆಗೆದೆ. ಒಳಗಿನಿಂದ ಒಂದೊಂದೇ ಅಕ್ಷರ ಒತ್ತುವ ಸದ್ದು ಬರುತ್ತಿತ್ತು. ಮಾವನ ಊಟದ ಹೊತ್ತು, ಮಧ್ಯಾಹ್ನದ ಒಂದು ಗಂಟೆ, ದಾಟಿತು.

"ಕರೀಲಿಕ್ಕಾ ಅಕ್ಕ?"

"ಬೇಡ" ಅಂದೆ.

ಎರಡೂವರೆಗೆ ಮಾವ ತಾವೇ ಎದ್ದು ಬಂದು, ಸಾರು ಇನ್ನೂ ಬಿಸಿ ಇದೆಯಾ ಅಂತ ಕೇಳಿದರು.