ಎರಡನೇ ಶನಿವಾರ ಬಾರದ ಓದುಗ

ಸುಲೋಚನಾ, ನಿನ್ನ ಕೆಲಸ ಕಳೆದವನು ಶೀನನಲ್ಲ, ನಾನು.

ಒಂಬತ್ತು ವರ್ಷದಿಂದ ಈ ಒಂದು ಸಾಲು ಗಂಟಲಲ್ಲಿ ಮೀನಿನ ಮುಳ್ಳಾಗಿ ಕೂತಿದೆ. ಬರೆದು ನೋಡಿದರೆ ಎಷ್ಟು ಚಿಕ್ಕದು! ಊರವರ ತಪ್ಪನ್ನೆಲ್ಲ ಪುಟಗಟ್ಟಲೆ ಕುಟ್ಟಿದ ನನಗೆ ಇದೊಂದನ್ನು ಕುಟ್ಟಲು ಬೆರಳು ಬರಲಿಲ್ಲ — ಅಲ್ಲ, ಅದೂ ಸುಳ್ಳು. ಬೆರಳು ಬರುತ್ತಿತ್ತು. ನಾನು ಬಿಡಲಿಲ್ಲ.

ಮೊದಲು ನನ್ನ ಜಂಬವನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಇವತ್ತಿಗೂ ಇಳಿದಿಲ್ಲ. ಕೋಟೇಶ್ವರದ ಹೆದ್ದಾರಿ ಬದಿಯ ಡಿಟಿಪಿ ಅಂಗಡಿಯಲ್ಲಿ ಮದುವೆ ಕಾಗದ, ಉಪನಯನದ ಕಾಗದ ಮಾಡಿಕೊಂಡು, ನಡುವೆ ಬಿಡುವು ಸಿಕ್ಕಾಗ ರಾಜಕೀಯದ ಬ್ಲಾಗು ಬರೆದವನು ನಾನು. ಯಾವ ಪಕ್ಷದ ಹಂಗಿಲ್ಲ, ಹೆಸರು ಅಡಗಿಸಿದ್ದಿಲ್ಲ. ಹಾಲಾಡಿ ಕಡೆಯ ಒಂದು ಪಂಚಾಯತಿ — ಊರ ಹೆಸರು ಬೇಡ, ನಿನಗೆ ಗೊತ್ತು — ಬರೀ ಕಾಗದದ ಮೇಲೆ ಕಟ್ಟಿ ಮುಗಿಸಿದ, ಹಳ್ಳ ದಾಟುವ ಕಾಲುಸಂಕದ ಬಗ್ಗೆ ನಾಲ್ಕು ಲೇಖನ ಬರೆದೆ. ‘ಸಂಕ ಕಂಡವರುಂಟೆ?’ ಎಂದು ತಲೆಬರಹ. ಐದನೆಯದನ್ನು ಬರೆಯುವ ಮೊದಲೇ ಸಿಮೆಂಟಿನ ಚೀಲ ಬಂದು ಬಿತ್ತು. ಈಗ ಮಕ್ಕಳು ಆ ಸಂಕ ದಾಟಿ ಶಾಲೆಗೆ ಹೋಗುತ್ತಾರೆ. ಆ ಕಡೆ ಹೋದಾಗಲೆಲ್ಲ ನಾನು ಬೈಕು ನಿಲ್ಲಿಸಿ ಅದರ ಮೇಲೆ ಒಮ್ಮೆ ನಡೆದು ಬರುತ್ತೇನೆ, ನಮ್ಮಪ್ಪ ಕಟ್ಟಿಸಿದ್ದು ಎನ್ನುವ ಹಾಗೆ.

ಆದರೆ ಬರೆದರೆ ಸಾಕೆ? ಓದಬೇಕಲ್ಲ. ಬ್ಲಾಗಿಗೆ ಒಂದು ಎಣಿಕೆಯ ಸಾಧನ ಜೋಡಿಸಿದ್ದೆ. ಯಾರಾದರೂ ಪುಟ ತೆರೆದರೆ ಯಾವ ದಿನ, ಎಷ್ಟು ಗಂಟೆಗೆ, ಎಂಥ ಕಂಪ್ಯೂಟರಿನಿಂದ, ಎಷ್ಟು ಹೊತ್ತು ಎಂದು ಅದು ಪಟ್ಟಿ ಕೊಡುತ್ತಿತ್ತು. ಹೆಸರು ಮಾತ್ರ ಹೇಳುತ್ತಿರಲಿಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆರೆದವನು ದೇವರ ಪಟಕ್ಕೆ ಊದುಬತ್ತಿ ಹಚ್ಚುವ ಮೊದಲು ಆ ಪಟ್ಟಿ ನೋಡುತ್ತಿದ್ದೆ. ಮುಂಬೈಯಿಂದ ಒಬ್ಬ, ದುಬೈಯಿಂದ ಇಬ್ಬರು — ಅಬ್ಬಾ, ಎದೆ ಇಷ್ಟಗಲ! ಪಟ್ಟಿಯ ಅರ್ಧದಷ್ಟು ಓದುಗರು ನಾನೇ, ನನ್ನದೇ ಪುಟವನ್ನು ಮತ್ತೆ ಮತ್ತೆ ತೆರೆದದ್ದೇ ಎಂದು ತಿಳಿಯಲು ಎರಡು ತಿಂಗಳು ಬೇಕಾಯಿತು. ತಿಳಿದ ಮೇಲೂ ನನ್ನನ್ನು ಲೆಕ್ಕದಿಂದ ಬಿಡಲಿಲ್ಲ.

ಅದರಲ್ಲೊಬ್ಬ ಓದುಗನಿದ್ದ. ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಬರುತ್ತಿದ್ದ. ಹಳೇ ಕಂಪ್ಯೂಟರು. ಒಂದಕ್ಷರ ಬಿಡದೆ ಓದುವಷ್ಟು ಹೊತ್ತು ಇರುತ್ತಿದ್ದ. ಭಾನುವಾರ ಇಲ್ಲ, ಸರ್ಕಾರಿ ರಜೆಗೆ ಇಲ್ಲ, ಎರಡನೇ ಶನಿವಾರವಂತೂ ಇಲ್ಲವೇ ಇಲ್ಲ. ಎರಡನೇ ಶನಿವಾರ ಬಾರದವನು ಯಾರು? ಸರ್ಕಾರಿ ಮೇಜಿನವನು! ಸಂಕದ ಲೇಖನ ಬಂದ ದಿನ ಮೂರು ಸಲ ಓದಿದ್ದ. ನನಗೆ ಯಾವ ಮೇಜು ಎಂದೂ ಹೊಳೆಯಿತು. ನೀನು ನನ್ನಲ್ಲೇ ಕನ್ನಡ ಟೈಪಿಂಗ್ ಕಲಿತವಳು, ಆ ಪಂಚಾಯತಿಯ ಕಂಪ್ಯೂಟರಿಗೆ ಗುತ್ತಿಗೆಯ ಮೇಲೆ ಸೇರಿದವಳು. ಮುಂದಿನ ಸಲ ಅಂಗಡಿಗೆ ಬಂದಾಗ ಕೆಣಕಿದೆ.

“ಒಂದು ಇಪ್ಪತ್ತಕ್ಕೆ ಎಂತ ಓದುದ್ ಮಾರಾಯ್ತಿ?”

ನಿನ್ನ ಮುಖ ಕೆಂಪಾಯಿತು. ಆಮೇಲೆ ನೀನು ನಕ್ಕುಬಿಟ್ಟೆ.

“ನಿಮ್ಗ್ ಹ್ಯಾಂಗೆ ಗೊತ್ತಾಯ್ತ್ ಮಾಷ್ಟ್ರೇ? ಬುತ್ತಿ ಉಂಬತ್ತಿಗೆ ಓದುದ್. ಯಾರ ಹತ್ರೂ ಹೇಳ್ಬೇಡಿ, ಹಾಂ. ಅಧ್ಯಕ್ಷರಿಗೆ ಗೊತ್ತಾರೆ ನನ್ನ್ ಕೆಲ್ಸ ಹೋತ್ತ್.”

“ನನ್ನ್ ಬಾಯಿಂದ ಹೊರಗ್ ಬಪ್ಪುದಿಲ್ಲೆ” ಎಂದೆ.

ನಿನ್ನ ಅಮ್ಮ ತಲೆಯ ಮೇಲಿನ ಮೀನಿನ ಬುಟ್ಟಿ ಇಳಿಸಿದ್ದೇ ನಿನಗೆ ಆ ಕೆಲಸ ಸಿಕ್ಕಿದ ಮೇಲೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ತಾಳಮದ್ದಳೆಯಲ್ಲಿ ಅರ್ಥ ಹೇಳುವ ಚಟ ನನಗೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ಪದ್ಯ ಭಾಗವತರದು, ಮಾತು ನಮ್ಮದು, ಅದೂ ಆ ಗಳಿಗೆಗೆ ಹುಟ್ಟಿದ್ದು. ಎದುರಾಳಿ ಚುಚ್ಚಿದರೆ ತಕ್ಷಣ ತಿರುಗಿ ಚುಚ್ಚಬೇಕು, ತಡವರಿಸಿದವನ ಮರ್ಯಾದೆ ಹೋಯಿತು. ಒಂದು ಭಾನುವಾರ ಮಧ್ಯಾಹ್ನ ಬ್ರಹ್ಮಾವರದ ಕಡೆ ಕೂಟವಿತ್ತು. ನನ್ನದು ಸಂಧಾನಕ್ಕೆ ಬಂದ ದೂತನ ಪಾತ್ರ. ಎದುರು ರಾಜನಾಗಿ ಕೂತವರು ನಿಮ್ಮ ಪಂಚಾಯತಿ ಅಧ್ಯಕ್ಷರ ಭಾವ. ಸಭೆಯಲ್ಲಿ ನಮ್ಮೂರ ಕಡೆಯಿಂದ ಬಂದವರೆಂದರೆ ಅವರು ಮತ್ತು ನಾನು, ಇಬ್ಬರೇ; ಅದಕ್ಕೇ ಅಲ್ಲಿಯ ಮಾತು ನಿನ್ನ ಕಿವಿಯ ತನಕ ಬರಲಿಲ್ಲ.

ರಾಜ ನಗುತ್ತಲೇ ಶುರು ಮಾಡಿದರು: “ಎಲೈ ದೂತನೇ, ದಿನಕ್ಕೊಂದು ಓಲೆ ಬರೆಯುತ್ತೀಯಂತೆ. ಓದುವವರು ಯಾರಯ್ಯಾ? ಬರೆಯುವವನೂ ನೀನೇ, ಓದುವವನೂ ನೀನೇ, ಓದಿದವರನ್ನು ಎಣಿಸುವವನೂ ನೀನೇ!”

ಸಭೆ ಗೊಳ್ಳೆಂದಿತು. ನಿಜ ಹೇಳಿದರೆ ಉರಿಯುತ್ತದೆ ನೋಡು — ಅವರಿಗೆ ತಿಳಿಯದೆಯೇ ನನ್ನ ಗುಟ್ಟನ್ನು ಹೇಳಿಬಿಟ್ಟಿದ್ದರು. ಪಿತ್ತ ನೆತ್ತಿಗೇರಿತು.

“ರಾಜಾ, ದೂರ ಹುಡುಕಬೇಡ. ನಿನ್ನವರದೇ ಆಸ್ಥಾನದಲ್ಲಿ, ನಿನ್ನವರದೇ ಯಂತ್ರದ ಮುಂದೆ, ಉಣ್ಣುವ ಹೊತ್ತಿನಲ್ಲಿ ನನ್ನ ಓಲೆಯನ್ನು ದಿನವೂ ಓದುವವರಿದ್ದಾರೆ. ಎರಡನೇ ಶನಿವಾರವೊಂದು ಬಿಟ್ಟು!”

ಆ ಚಪ್ಪಾಳೆ! ಭಾಗವತರು ತಾಳ ಕೆಳಗಿಟ್ಟು ನಕ್ಕರು. ರಾಜ ಬೆರಳು ಮಡಚುತ್ತ ಕೂತರು. ನಾನು ಗೆದ್ದೆ ಅಂದುಕೊಂಡೆ. ಅವರು ಮಾತಿಗೆ ತಡಕಾಡಿದ್ದಲ್ಲ ಸುಲೋಚನಾ, ಯೋಚಿಸುತ್ತಿದ್ದರು. ಆ ಕಚೇರಿಯಲ್ಲಿ ಇಂಟರ್‌ನೆಟ್ ಇದ್ದದ್ದು ಒಂದೇ ಕಂಪ್ಯೂಟರಿಗೆ, ನಿನ್ನದಕ್ಕೆ.

ಬುಧವಾರ ಅಧ್ಯಕ್ಷರು ನಿನಗೆ “ಆ ಬ್ಲಾಗ್ ಓದುದ್ ಗೊತ್ತಾಯ್ತ್, ನಾಳೆಯಿಂದ ಬಪ್ಪುದ್ ಬೇಡ” ಎಂದರು. ಗುತ್ತಿಗೆಯವಳು, ಒಂದು ಕಾಗದವನ್ನೂ ಕೊಡಲಿಲ್ಲ. ನೀನು ನೇರ ನನ್ನ ಅಂಗಡಿಗೆ ಬಂದೆ. ಪಕ್ಕದ ಮೇಜಿನ ಬಿಲ್ ಕಲೆಕ್ಟರ್ ಶೀನನ ಮೇಲೆ ನಿನ್ನ ಸಿಟ್ಟು.

“ಶೀನಣ್ಣನೇ ಹೇಳಿದ್ದ್ ಮಾಷ್ಟ್ರೇ. ಅವ್ನಿಗೂ ನಿಮ್ಗೂ ಬಿಟ್ರೆ ಬೇರೆ ಯಾರಿಗೂ ಗೊತ್ತಿಲ್ಲೆ.”

‘ನಿಮ್ಗೂ’ ಎನ್ನುವಾಗ ನೀನು ನನ್ನ ಮುಖವನ್ನೂ ನೋಡಲಿಲ್ಲ. ಅಷ್ಟು ನಂಬಿಕೆ. ನಾನು ಎದ್ದು ಫ್ಯಾನು ಜೋರು ಮಾಡಿದೆ.

ಇಷ್ಟಕ್ಕೇ ನಿಂತಿದ್ದರೆ — ನಿಲ್ಲಲಿಲ್ಲ. ಮರುದಿನವೇ ‘ಓದಿದ್ದೇ ಅಪರಾಧ!’ ಎಂದು ಬರೆದೆ. ‘ಯಾರೋ ಚಾಡಿಕೋರರು ಕಿವಿ ಊದಿದ್ದಾರೆ’ ಎಂಬ ಸಾಲನ್ನು ಈ ಕೈಯೇ ಬರೆಯಿತು. ನನ್ನ ಬ್ಲಾಗಿನಲ್ಲಿ ಅತಿ ಹೆಚ್ಚು ಜನ ಓದಿದ್ದು ಅದನ್ನೇ. ಎಲ್ಲೆಲ್ಲಿಂದಲೋ ಭೇಷ್ ಎಂದರು. ಒಂದು ಸಂಘದವರು ಕರೆದು ಶಾಲು ಹೊದೆಸಿದರು, ಹೊದ್ದುಕೊಂಡೆ. ನಾಚಿಕೆಗೇಡು ಏನೆಂದರೆ, ನನಗೆ ಆವತ್ತು ಖುಷಿಯಾಗಿತ್ತು. ಪಟ್ಟಿಯಲ್ಲಿ ಒಂದು ಇಪ್ಪತ್ತರ ಜಾಗ ಮಾತ್ರ ಖಾಲಿ. ನಿನ್ನ ಅಮ್ಮ ಮತ್ತೆ ಬುಟ್ಟಿ ಹೊತ್ತು ನಮ್ಮ ಅಂಗಡಿಯ ಮುಂದೆಯೇ ಹೋಗುತ್ತಿದ್ದರು.

ಶೀನ ಒಂದು ದಿನ ಬಂದ. ನಿಂತೇ ಮಾತಾಡಿದ.

“ಹ್ವಾಯ್ ಮಾಷ್ಟ್ರೇ, ದೇವ್ರಾಣೆ ನಾನ್ ಹೇಳ್ಲಿಲ್ಲೆ. ಆ ಹೆಣ್ಣ್ ನನ್ನ್ ಕಂಡ್ರೆ ಮುಖ ತಿರ್ಗಸ್ತ್. ನಿಮ್ಮ್ ಮಾತಾದ್ರೆ ಅದ್ ಕೇಳ್ತ್. ಒಂದ್ ಮಾತ್ ಹೇಳಿ.”

ನಾನು ಅಂದದ್ದು ಒಂದೇ ಮಾತು: “ಕಾಂಬ.”

ನೋಡೋಣ ಎಂದವನು ಒಂಬತ್ತು ವರ್ಷ ನೋಡುತ್ತಲೇ ಇದ್ದೆ. ನೀನು ಬೈಂದೂರಿಗೆ ಹೋಗಿ ಟೈಪಿಂಗ್ ಕ್ಲಾಸು ತೆರೆದೆ. ಬಸ್ಸಿನಿಂದ ಅದರ ಬೋರ್ಡು ಕಂಡು ಪಕ್ಕದಲ್ಲಿ ಕೂತ ಅಪರಿಚಿತನಿಗೆ “ನನ್ನ ಶಿಷ್ಯೆ” ಎಂದೆ. ಕೆಲಸ ಹೋದದ್ದರಿಂದಲೇ ಇದೆಲ್ಲ ಆಯಿತಲ್ಲ ಎಂದು ಸಮಾಧಾನಕ್ಕೂ ಹೊರಟೆ. ಆ ಬುಟ್ಟಿ ನೆನಪಾಗಿ ಬಾಯಿ ಮುಚ್ಚಿಕೊಂಡೆ. ಆದರೆ ಹೆಮ್ಮೆ ಹೋಗಲಿಲ್ಲ. ಹಕ್ಕಿಲ್ಲದ ಹೆಮ್ಮೆ — ಇರಲಿ, ಇದೆ.

ಮೊನ್ನೆ ನೀನೇ ಕಟ್ಟಿಸಿದ ಮನೆಯ ಗೃಹಪ್ರವೇಶದ ಕಾಗದ ಅಚ್ಚು ಹಾಕಿಸಲು ನನ್ನಲ್ಲಿಗೇ ಬಂದೆ. ಲಕೋಟೆಗಳಿಗೆ ಅಂಟಿಸಲು ಹೆಸರಿನ ಪಟ್ಟಿ ಕೊಟ್ಟೆ. ಪಟ್ಟಿ ಓದುವ ಚಟ ನನಗೆ ಹಳೆಯದು. ಪಂಚಾಯತಿಯ ಜವಾನನ ಹೆಸರೂ ಇತ್ತು. ಶೀನನದು ಇರಲಿಲ್ಲ. ಎಲ್ಲಕ್ಕಿಂತ ಮೇಲೆ, ಮೊದಲ ಸಾಲಿನಲ್ಲಿ, ನನ್ನದು.

ಇದನ್ನು ಬ್ಲಾಗಿಗೆ ಹಾಕುವುದಿಲ್ಲ. ಎರಡೇ ಪ್ರತಿ ತೆಗೆದಿದ್ದೇನೆ. ನಾಳೆ ಶೀನ ಈಗಿರುವ ವಂಡ್ಸೆಗೆ ಹೋಗಿ ಒಂದನ್ನು ಅವನ ಕೈಗೆ ಕೊಟ್ಟು, ಅವನು ಓದಿ ಮುಗಿಸುವ ತನಕ ಎದುರು ನಿಂತಿರುತ್ತೇನೆ. ಅಲ್ಲಿಂದ ಇನ್ನೊಂದನ್ನು ಹಿಡಿದು ಬೈಂದೂರಿಗೆ ಬರುತ್ತೇನೆ. ನಿನ್ನ ಕಾಗದದ ಕಟ್ಟು ನನ್ನ ಜೊತೆಗಿರುತ್ತದೆ. ಎಲ್ಲ ಲಕೋಟೆಗೂ ಹೆಸರು ಅಂಟಿಸಿದ್ದೇನೆ, ಮೇಲಿನದೊಂದನ್ನು ಬಿಟ್ಟು. ಅದರ ಮೇಲೆ ಯಾರ ಹೆಸರು ಬರಬೇಕು ಎಂಬುದನ್ನು ಇದನ್ನು ಓದಿದ ಮೇಲೆ ನೀನೇ ಬರಿ.