ರಂಗೋಲಿ ಪುಡಿಯಲ್ಲಿ ಬರೆದ ಲೆಕ್ಕ

ಅವರೆಕಾಳು ಹಿಸುಕುತ್ತಾ ಕುಳಿತಿದ್ದೆ. ಹಿಂದೆ ಅಕ್ಕಿಹೆಬ್ಬಾಳಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ವಿಜ್ಞಾನದ ಮೇಷ್ಟ್ರು ತೀರಿಕೊಂಡು ತಿಂಗಳಾಯಿತೆಂದು ನಮ್ಮವರು ಬಂದು ಹೇಳಿದರು.

ಮೇಷ್ಟ್ರು ಯಾವ ವೈರು ಕಂಡರೂ, ಮಗುವಿನ ಜ್ವರ ನೋಡುವ ಹಾಗೆ, ಬೆರಳ ಹಿಂಬದಿಯಿಂದ ಮುಟ್ಟುತ್ತಿದ್ದರು. "ಮೊದ್ಲು ಲೆಕ್ಕ, ಆಮ್ಯಾಕೆ ಸ್ವಿಚ್ಚು" ಎನ್ನುತ್ತಿದ್ದರು.

ಮಗಳು ತೊಟ್ಟಿಲಲ್ಲಿದ್ದ ಕಾಲ. ನನ್ನ ಕರೆಂಟ್ ಒಲೆಯ ಸುರುಳಿ ತುಂಡಾಯಿತು. ಉಳಿದ ಅರ್ಧವನ್ನೇ ಎಳೆದು ಸಿಕ್ಕಿಸಿದೆ. ಹಾಲು ಮೊದಲಿಗಿಂತ ಬೇಗ ಉಕ್ಕಿತು.

"ಮೇಷ್ಟ್ರೇ, ಅರ್ಧ ಸುರುಳೀಲೇ ಜಾಸ್ತಿ ಕಾಯ್ತದೆ. ದೇವ್ರು ದೊಡ್ಡೋನು!" ಎಂದೆ.

ವೈರು ಮುಟ್ಟಿದವರೇ ಶಾಲೆಯ ಮೀಟರು ತಂದು ಹಚ್ಚಿದರು. ಇನ್ನೂರು ವೋಲ್ಟು, ಹತ್ತು ಆಂಪಿಯರು. ನನ್ನ ರಂಗೋಲಿ ಪುಡಿಯಲ್ಲೇ ನೆಲದ ಮೇಲೆ ಬರೆದರು. ಭಾಗಿಸಿದರೆ ಸುರುಳಿಯ ತಡೆ ಇಪ್ಪತ್ತು ಓಮ್, ಮೊದಲಿದ್ದುದರ ಅರ್ಧ. ಗುಣಿಸಿದರೆ ಎರಡು ಸಾವಿರ ವ್ಯಾಟು, ಮೊದಲಿನ ಎರಡರಷ್ಟು.

"ದೇವ್ರು ದೊಡ್ಡೋನೇ ಕಣವ್ವ, ನಿನ್ ವೈರು ಸಣ್ದು. ಐದು ಆಂಪಿಯರ್‌ಗಿಂತ ಜಾಸ್ತಿ ತಡೆಯಾಕಿಲ್ಲ. ಪಟ್ಟಿ ಒಳ್ಗೆ ಬೇಯ್ತಾ ಅದೆ."

ಮೈನ್ ಆರಿಸಿ ಗೋಡೆಯ ಮರದ ಪಟ್ಟಿ ಬಿಚ್ಚಿದರು. ವೈರಿನ ಸಿಪ್ಪೆ ಕರಗಿ ಕಪ್ಪಾಗಿತ್ತು. ಅದರ ಕೆಳಗೇ ತೊಟ್ಟಿಲು.

ಕಣ್ಣಿಗೆ ಕಾಣದ ಬೆಂಕಿಯನ್ನು ಅವರು ಎರಡು ಅಂಕಿಯಲ್ಲಿ ಕಂಡಿದ್ದರು. ನೆಲದ ಮೇಲಿನ ಆ ಲೆಕ್ಕವನ್ನು ಗುಡಿಸಲು ಅಂದು ನನಗೆ ಮನಸ್ಸು ಬರಲಿಲ್ಲ. ದೇವರ ಮುಂದೆ ಇಟ್ಟಂತೆ ಅದಕ್ಕೂ ಒಂದು ಹೂವಿಟ್ಟೆ.

ಕಾಳು ಮುಗಿಯಿತು. ಸಾರಿಗೆ ಖಾರ ರುಬ್ಬಲು ಎದ್ದೆ. ಮಿಕ್ಸಿಯ ವೈರನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ, ಸ್ವಿಚ್ ಹಾಕಿದೆ.